ಮಾನ ತೆಗೆಯುವ ರಾಜನ ಟಾಕೀಸು

“ಕೇಳಿರಪ್ಪೋ ಕೇಳಿ. ನಾಳೆ ಮಧ್ಯಾಹ್ನದ ಆಟದ ಇಂಟರ್ವೆಲ್ಲಿನಲ್ಲಿ ರಾಜಕುಮಾರಿ ಕನಕಾಂಬೆಯವರು ಮೂರು ಒಗಟು ಹೇಳುತ್ತಾರೆ. ಮೂರನ್ನೂ ಬಿಡಿಸಿ, ಹೇಗೆ ತಿಳಿಯಿತೆಂದು ಎಲ್ಲರೆದುರು ವಿವರಿಸಿದವರಿಗೆ ದೂರದೇಶದಿಂದ ತರಿಸಿದ ಮೂರು ಟ್ಯಾಬ್ಲೆಟ್ಟುಗಳಲ್ಲಿ ಮೆಚ್ಚಿದ್ದೊಂದು. ಬಾಯಿ ತೆರೆದು ತಪ್ಪಿದವರಿಗೆ ಪರದೆಯ ಶಿಕ್ಷೆ.”

ಡಂಗುರ ಕೇಳಿ ಊರು ಬೆಚ್ಚಿತು. ಹಿಂದಿನ ರಾಜರು ತಪ್ಪಿದವರ ತಲೆ ತೆಗೆಯುತ್ತಿದ್ದರು. ಬಿಲ್ಲಪುರದ ಮಲ್ಲಭೂಪ ಕರುಣಾಳು, ಮಾನ ಮಾತ್ರ ತೆಗೆಯುತ್ತಿದ್ದ. ಅರ್ಧ ಅರಮನೆಯನ್ನೇ ಟಾಕೀಸು ಮಾಡಿಸಿದ ಈ ದೊರೆ, ತಪ್ಪು ಹೇಳಿದವರನ್ನು ಬಿಳಿ ಪರದೆಯ ಮುಂದೆ ನಿಲ್ಲಿಸಿ ಮುಖಕ್ಕೆ ಬೆಳಕು ಬಿಡಿಸುತ್ತಿದ್ದ. ಊರೆಲ್ಲ ಶಿಳ್ಳೆ ಹೊಡೆಯುತ್ತಿತ್ತು. ಹೋದ ಸಲ ಹಾಗೆ ನಿಂತ ಬಳೆಗಾರ ಊರು ಬಿಟ್ಟವನು ಇನ್ನೂ ತಿರುಗಿ ಬಂದಿರಲಿಲ್ಲ.

ಕತ್ತಲಲ್ಲಿ ಟಾರ್ಚು ಹಿಡಿದು ಜನರನ್ನು ಸೀಟಿಗೆ ಮುಟ್ಟಿಸುವ ಓಬಳೇಶ ಆ ಟ್ಯಾಬ್ಲೆಟ್ಟುಗಳನ್ನು ಬಾಗಿಲ ಬಳಿಯ ಗಾಜಿನ ಪೆಟ್ಟಿಗೆಯಲ್ಲಿ ದಿನವೂ ನೋಡುತ್ತಿದ್ದ. ಒಂದಕ್ಕೆ ಚಿನ್ನದ ಅಂಚು. ಇನ್ನೊಂದು ರೊಟ್ಟಿ ಹಂಚಿನಷ್ಟು ಅಗಲ. ಮೂರನೆಯದು ನೋಡಲು ಸಪ್ಪೆ, ಆದರೆ ಆಡಿದ ಮಾತನ್ನು ಅಕ್ಷರವಾಗಿ ಬರೆದು ತೋರಿಸುತ್ತಿತ್ತು. ಅವನ ತಂಗಿ ಪಾರಕ್ಕನಿಗೆ ಕಿವಿ ಕೇಳಿಸದು, ಓದಲು ಬರುತ್ತಿತ್ತು. ಅವನು ಎಂದೋ ಆರಿಸಿ ಆಗಿತ್ತು. ಗೆಲ್ಲುವುದೊಂದೇ ಬಾಕಿ.

ಮರುದಿನ ಆಟ ಶುರುವಾಗುವ ಹೊತ್ತಿಗೆ ಬಾಲ್ಕನಿಯ ಮೂಲೆಯಲ್ಲಿ ಹೆಗಲ ಮೇಲೆ ಕಂಬಳಿ ಹೊದ್ದ, ಕಾಲೆಲ್ಲ ಮಣ್ಣಾದ ಒಬ್ಬ ಮುದುಕ ಕೂತಿದ್ದ. ಕಂಬಳಿ ನೇಯುವ ಕರಿಬಸಪ್ಪ. ಟಾರ್ಚಿನ ಬೆಳಕು ಕಾಲ ಬುಡಕ್ಕೆ ಬಿಡಬೇಕು, ಮುಖಕ್ಕಲ್ಲ ಎಂಬುದು ಕೆಲಸದ ಮೊದಲ ಪಾಠ. ಓಬಳೇಶ ನೇರ ಮುಖಕ್ಕೇ ಬಿಟ್ಟ. “ಯಜಮಾನ್ರೇ, ಇದು ಬಾಲ್ಕನಿ. ನಿಮ್ ಜಾಗ ಕೆಳಗೆ, ಏಳಿ,” ಎಂದ. ಸುತ್ತಲಿನವರು ಕಿಸಕ್ಕೆಂದು ನಕ್ಕರು. ಮುದುಕ ಕಣ್ಣು ಕಿರಿದು ಮಾಡಿಕೊಂಡು ಎದ್ದು ಮೆಟ್ಟಿಲಿಳಿದ. ಮೆಟ್ಟಿಲ ದೀಪದ ಕೆಳಗೆ ಅವನ ಮುಷ್ಟಿಯಲ್ಲಿದ್ದ ಟಿಕೆಟ್ಟು ಕಂಡಿತು. ಕೆಂಪು ಟಿಕೆಟ್ಟು, ಬಾಲ್ಕನಿಯದೇ.

ಓಬಳೇಶ ಅವನ ಹಿಂದೆಯೇ ಎರಡು ಮೆಟ್ಟಿಲಿಳಿದ. ಕರೆಯುವ ಮಾತು ಬಾಯಿಯವರೆಗೆ ಬಂತು. ಕರೆದರೆ ಈಗ ನಕ್ಕವರೆಲ್ಲ ತನ್ನನ್ನು ನೋಡಿ ನಗುತ್ತಾರಲ್ಲ ಎಂದು ಸುಮ್ಮನಾದ. ಮುದುಕ ಮುಂದಿನ ಬೆಂಚಿನಲ್ಲಿ ಕುತ್ತಿಗೆ ಎತ್ತಿ ಕೂತಿದ್ದನ್ನು ಮೇಲಿನಿಂದ ನೋಡಿದಾಗಲೆಲ್ಲ ನಾಚಿಕೆಯಿಂದ ಓಬಳೇಶನ ಮೈ ಹಿಡಿಯಾಗುತ್ತಿತ್ತು.

ಇಂಟರ್ವೆಲ್ಲಿನಲ್ಲಿ ರಾಜಕುಮಾರಿ ಪರದೆಯ ಪಕ್ಕ ಬಂದು ನಿಂತು ಮೊದಲ ಒಗಟು ಹೇಳಿದಳು: “ಊರೆಲ್ಲ ನನ್ನ ಕಡೆಗೇ ಮುಖ ಮಾಡಿ ಕೂರುತ್ತದೆ, ನನ್ನನ್ನು ಯಾರೂ ನೋಡುವುದಿಲ್ಲ. ನನ್ನ ಮೇಲೆ ಮನೆ ಉರಿದರೂ ಸುಡೆನು, ಹೊಳೆ ಹರಿದರೂ ನೆನೆಯೆನು. ನಾನು ಯಾರು?”

ಗಾಣದ ಸಾಹುಕಾರ ರುದ್ರಮುನಿ ಗಂಟಲು ಸರಿಮಾಡಿಕೊಂಡು, ದೇವರು ಎಂದ. ದೇವರಿಗೆ ಯಾರೂ ಶಿಳ್ಳೆ ಹೊಡೆಯುವುದಿಲ್ಲ ಎಂದಳು ಅವಳು. ಸಾಹುಕಾರನನ್ನು ಪರದೆಯ ಮುಂದೆ ನಿಲ್ಲಿಸಿದರು, ಅವನ ದಪ್ಪ ಕೆನ್ನೆಯ ಮೇಲೆ ಬೆಳಕು ಬಿತ್ತು. ಪರದೆಯ ಬಳಿ ಬಂದು ನಿಂತಿದ್ದ ಓಬಳೇಶ ಮೆಲ್ಲಗೆ, ಸಾಹುಕಾರರ ಬೆನ್ನ ಹಿಂದಿರುವ ಪರದೆಯೇ ಅಲ್ಲವೇ, ದಿನವೂ ಅದರ ಮೇಲೆ ಬೆಂಕಿ ನೀರು ಎರಡನ್ನೂ ನೋಡುತ್ತೇನೆ ಎಂದ. ಸರಿಯಾಯಿತು.

ಎರಡನೆಯದು: “ಮನೆಗೆ ಬಂದರೆ ಬೈಯುತ್ತಾರೆ, ಇಲ್ಲಿಗೆ ಬಾರದಿದ್ದರೆ ಬೈಯುತ್ತಾರೆ. ದೀಪ ಹಿಡಿದು ಹುಡುಕಿದವನಿಗೆ ಸಿಗುವುದಿಲ್ಲ. ಏನದು?”

ಸೇನಾಪತಿಯ ಅಳಿಯ ಜಗದೇವ, ನೆಂಟರು ಎಂದ. ಪಕ್ಕದಲ್ಲೇ ಇದ್ದ ಅವನ ಮಾವನ ಮುಖ ಹುಳ್ಳಗಾಯಿತು. ಅಳಿಯನೂ ಸಾಹುಕಾರನ ಪಕ್ಕ ಹೋಗಿ ನಿಂತ. ಅದು ಕತ್ತಲೆ ಎಂದ ಓಬಳೇಶ. ದೀಪ ಆರಿಸುವುದು ಕ್ಷಣ ತಡವಾದರೂ ಬೈಗುಳ ತಿನ್ನುವವನು ತಾನೇ ಎಂದು ವಿವರಿಸಿದ.

ಮೂರನೆಯದನ್ನು ರಾಜಕುಮಾರಿ ನಿಧಾನವಾಗಿ ಹೇಳಿದಳು: “ಇನ್ನೊಬ್ಬರ ಮುಖಕ್ಕೆ ಬಳಿದು ಬಂದೆ. ಆಮೇಲೆ ನೋಡಿದರೆ ಅವರ ಮುಖ ಹಸನಾಗಿಯೇ ಇದೆ, ಕಪ್ಪಾಗಿರುವುದು ನನ್ನದು. ಏನದು?”

ಮಸಿ ಎಂದ ಒಬ್ಬ, ಕಾಡಿಗೆ ಎಂದ ಇನ್ನೊಬ್ಬ. ಪರದೆಯ ಮುಂದೆ ಸಾಲು ಬೆಳೆಯಿತು. ಓಬಳೇಶನಿಗೆ ಒಗಟು ಮುಗಿಯುವ ಮೊದಲೇ ಉತ್ತರ ಗೊತ್ತಾಗಿತ್ತು. ಬಾಯಿ ಬಿಡದಿದ್ದರೆ ಶಿಕ್ಷೆಯಿಲ್ಲ, ತಲೆ ತಗ್ಗಿಸಿ ಹಿಂದೆ ಸರಿದರೆ ಯಾರೂ ಕೇಳುವವರಿಲ್ಲ. ಉತ್ತರ ಹೇಳಿದರೆ ಹೇಗೆ ತಿಳಿಯಿತೆಂದೂ ಹೇಳಬೇಕು. ಪಾರಕ್ಕನ ಮುಖ ನೆನಪಾಗಿ ಬಾಯಿಬಿಟ್ಟ.

“ಅವಮಾನ, ತಾಯಿ. ಇವತ್ತು ನಾನೇ ಬಳಿದು ಬಂದೀನಿ. ಬಾಲ್ಕನಿ ಟಿಕೇಟು ತಗೊಂಡೋರನ್ನ ಅವರ ಕಾಲಿನ ಮಣ್ಣು ನೋಡಿ ಎಬ್ಬಿಸಿದೆ. ಆಮೇಲೆ ಟಿಕೇಟು ಕಾಣಿಸ್ತು. ಕಂಡೂ ಸುಮ್ನಿದ್ದೆ.”

ಒಬ್ಬರೂ ಶಿಳ್ಳೆ ಹೊಡೆಯಲಿಲ್ಲ. ಹೊಡೆದಿದ್ದರೇ ವಾಸಿಯಿತ್ತು ಎನ್ನಿಸಿತು ಅವನಿಗೆ. ರಾಜ ಎದ್ದು ನಿಂತು ಆ ಮನುಷ್ಯ ಎಲ್ಲಿ ಎಂದು ಕೇಳಿದ. ಮುಂದಿನ ಬೆಂಚಿನಿಂದ ಕರಿಬಸಪ್ಪ ಎದ್ದ. ಇವನಿಗೆ ಏನು ಶಿಕ್ಷೆ ಕೊಡಲಿ, ನೀನೇ ಹೇಳು ಎಂದ ರಾಜ.

“ಒಗಟು ಬಿಡಿಸ್ಯಾನೆ, ಬಹುಮಾನ ಕೊಡ್ರಿ ಬುದ್ಧಿ. ನಂಗೆ ನನ್ ಸೀಟು ಕೊಡ್ಸಿ ಸಾಕು. ಉಳಿದರ್ಧನಾದ್ರೂ ಮೇಲೆ ಕೂತು ನೋಡ್ತೀನಿ.”

ರಾಜಕುಮಾರಿ ಗಾಜಿನ ಪೆಟ್ಟಿಗೆ ತರಿಸಿ ತೆರೆಸಿದಳು. ಎಷ್ಟೋ ದಿನ ಆಸೆಯಿಂದ ನೋಡಿದ್ದ ಆ ಸಪ್ಪೆ ಟ್ಯಾಬ್ಲೆಟ್ಟನ್ನು ಓಬಳೇಶ ಕದ್ದ ಮಾಲಿನಂತೆ ಎತ್ತಿಕೊಂಡ. ಅದನ್ನು ಕಂಕುಳಲ್ಲಿ ಅವುಚಿ, ಟಾರ್ಚಿನ ಬೆಳಕು ಕಾಲ ಬುಡಕ್ಕೆ ಬಿಟ್ಟು, ಕರಿಬಸಪ್ಪನನ್ನು ಮೇಲಕ್ಕೆ ಕರೆದೊಯ್ದ. ಮುದುಕ ಕೂತು, ಕಂಬಳಿ ಸರಿಮಾಡಿಕೊಂಡು, ಮುಷ್ಟಿ ಮುಂದೆ ಚಾಚಿದ.

“ಟಿಕೇಟು ತೋರಿಸ್ಲೇನಪ್ಪಾ?”

ಓಬಳೇಶ ಟಾರ್ಚು ಆರಿಸಿ ಕೆಳಗಿಳಿದ. ಕಂಕುಳಲ್ಲಿದ್ದ ಟ್ಯಾಬ್ಲೆಟ್ಟು ಆ ಮಾತನ್ನು ಕೇಳಿಸಿಕೊಂಡು ಬರೆದಿಟ್ಟಿತ್ತು.

ಆಟ ಬಿಟ್ಟ ಮೇಲೆ ಮನೆಯಲ್ಲಿ ಪಾರಕ್ಕ ಮೊದಲು ಓದಿದ್ದು ಆ ಸಾಲನ್ನೇ. ಇದೇನೆಂದು ಕೈಸನ್ನೆಯಲ್ಲಿ ಕೇಳಿದಳು. ಅವನು ಮೊದಲಿನಿಂದ ಎಲ್ಲ ಹೇಳಿದ. ಟ್ಯಾಬ್ಲೆಟ್ಟು ಒಂದಕ್ಷರವನ್ನೂ ಬಿಡದೆ ಬರೆಯಿತು. ಅವಳು ಓದಿ ಮುಗಿಸುವವರೆಗೆ ಅವನು ತಲೆ ಎತ್ತಲಿಲ್ಲ. ಓದಿ ಮುಗಿಸಿದವಳು ಕೇಳಿದ್ದು ಒಂದೇ: ಅವರ ಹತ್ತಿರ ತಪ್ಪಾಯಿತು ಅಂದೆಯಾ?

ಓಬಳೇಶ ರಾಜನಿಗೆ ಹೇಳಿದ್ದ, ರಾಜಕುಮಾರಿಗೆ ಹೇಳಿದ್ದ, ತುಂಬಿದ ಟಾಕೀಸಿಗೇ ಹೇಳಿದ್ದ. ಆ ಮನುಷ್ಯನಿಗೆ ಮಾತ್ರ ಒಂದು ಮಾತೂ ಹೇಳಿರಲಿಲ್ಲ. ಎದ್ದು ಚಪ್ಪಲಿ ಮೆಟ್ಟಿಕೊಂಡು ಕಂಬಳಿ ನೇಯುವವರ ಕೇರಿಯ ಕಡೆ ಹೊರಟ.