ಮೀಟರಿಗೆ ಬಗ್ಗದ ಇನ್ನಾಸಪ್ಪ

ಎಷ್ಟು ವರ್ಷದ ಮಾತು ಅಂತ ನನ್ನ ಕೇಳಬೇಡಿ, ನಮ್ಮಜ್ಜಿಗೂ ಲೆಕ್ಕ ತಪ್ಪಿತ್ತು. ಚಿನ್ನದ ಗಣಿ ಇನ್ನೂ ನಡೀತಿದ್ದ ಕಾಲ. ಗಣಿ ಪಕ್ಕ ಒಂದೂರು, ಆ ಊರಲ್ಲಿ ಇನ್ನಾಸಪ್ಪ ಅಂತ ಒಬ್ಬ ರೇಡಿಯೋ ರಿಪೇರಿಯವನು. ಹತ್ತಿರ ಬಂದು ಕೂತ್ಕೊಳ್ಳಿ, ಹೇಳ್ತೀನಿ.

ಬೀದಿಯ ಆ ತುದೀಲಿ ಯಾರದಾದರೂ ರೇಡಿಯೋ ಗೊರಗೊರ ಅಂದರೆ, ಈ ತುದೀಲಿ ಕೂತೇ ಒಳಗೆ ಏನು ಕೆಟ್ಟಿದೆ ಅಂತ ಹೇಳ್ತಿದ್ದನಂತೆ. ಗಣಿಯ ಸೈರನ್ನು ಕೂಗೋಕೆ ಮುಂಚೆ ಅದು ಉಸಿರೆಳೆಯೋದೂ ಅವನಿಗೆ ಕೇಳಿಸ್ತಿತ್ತಂತೆ. ಅದು ನಿಜವೋ, ಜನ ಸೇರಿಸಿದ್ದೋ, ನಾನು ಕಾಣೆ. ಮುಂದೆ ಹೇಳೋದನ್ನ ಮಾತ್ರ ನಮ್ಮಜ್ಜಿ ಕಣ್ಣಾರೆ ಕಂಡಿದ್ದಳು.

ಅದೇ ಊರಲ್ಲಿ ಚೌರಪ್ಪ ಅಂತ ಒಬ್ಬ ಇದ್ದ. ಹಗಲೆಲ್ಲ ಭೂಮಿಯೊಳಗೆ ಕಲ್ಲು ಕೊರೆಯೋದು, ಮೇಲೆ ಬಂದು ಕೈ ತೊಳೆದು ಕರೆಂಟಿನ ಗಿಟಾರು ಹಿಡಿಯೋದು. ಗಣಿ ಬಿಟ್ಟು ತನ್ನ ದೇಶಕ್ಕೆ ಹೊರಟ ದೊರೆಯೊಬ್ಬ ಅವನಿಗೆ ಒಂದು ಹಳೇ ಪೆಡಲು ಕೊಟ್ಟು ಹೋಗಿದ್ದ. ಕಬ್ಬಿಣದ್ದು, ಕಾಲಲ್ಲಿ ತುಳಿಯೋದು. ಮೆಲ್ಲಗೆ ಒತ್ತಿದರೆ ಗಿಟಾರಿನ ದನಿ ಎಲ್ಲೂ ಇಲ್ಲದ ಕಡೆಯಿಂದ ಹುಟ್ಟಿ, ಒಂದೊಂದೇ ಮೆಟ್ಟಿಲು ಹತ್ತಿ ಬರ್ತಿತ್ತು ಅಂತಾರೆ.

ಆ ವರ್ಷ ಗಣಿಯೊಳಗೆ ಬಂಡೆ ಕುಸಿದು ಹನ್ನೊಂದು ಜನ ಹೋದರು. ಅವರಲ್ಲಿ ಇನ್ನಾಸಪ್ಪನ ಭಾವಮೈದನೂ ಒಬ್ಬ. ಚೌರಪ್ಪ ಅವರಿಗಾಗಿ ಒಂದು ರಾಗ ಕಟ್ಟಿದ. ಅದರಲ್ಲಿ ಪದ ಇಲ್ಲ, ಆಳದಿಂದ ಏರಿ ಬರೋ ದನಿ ಮಾತ್ರ. ಎರಡು ತಿಂಗಳಿಗೆ ಸಾಹೇಬರ ಕ್ಲಬ್ಬಿನಲ್ಲಿ ಕಂಪನಿಯ ಹಬ್ಬ ಬಂತು. ಚೌರಪ್ಪ ಇರೋ ಕೂಲಿಗಳ ಬ್ಯಾಂಡು ನುಡಿಸಲಿ, ಆದರೆ ಸತ್ತವರ ಮಾತು ಯಾರೂ ಎತ್ತಬಾರದು ಅಂತ ಮ್ಯಾನೇಜರು ಹೇಳಿಕಳಿಸಿದ್ದ.

ಪೆಡಲಿನೊಳಗಿನ ವಾಲ್ಯೂಮ್ ಕಂಟ್ರೋಲು ಸವೆದು ಕರಕರ ಅಂತಿತ್ತು. ಕಂಪನಿಯ ಇಂಜಿನಿಯರು ಸ್ಟೋರಿಂದ ಹೊಸದು ತಂದು ತಾನೇ ಕೂರಿಸಿದ. ಕ್ಲಬ್ಬಿನಲ್ಲಿ ತಾಲೀಮು ನಡೆದಾಗ ಚೌರಪ್ಪ ಕಾಲು ತಾಗಿಸಿದನೋ ಇಲ್ಲವೋ, ದನಿ ಢಮ್ಮಂತ ಸಿಡಿದು ಮೇಜಿನ ಮೇಲಿನ ಗ್ಲಾಸು ಉರುಳಿತಂತೆ. ನಿಮ್ಮೋರಿಗೆ ಡೈನಮೈಟ್ ಬಿಟ್ಟು ಬೇರೆ ಏನು ಗೊತ್ತು ಅಂದು ಮ್ಯಾನೇಜರು ನಕ್ಕ. ಹಬ್ಬದ ದಿನವೂ ಹೀಗಾದರೆ ಇನ್ನು ಈ ಹೊಸ್ತಿಲು ತುಳಿಯಬೇಡಿ ಅಂದ.

ಚೌರಪ್ಪ ಪೆಡಲು ಹೊತ್ತು ಇನ್ನಾಸಪ್ಪನ ಅಂಗಡಿಗೆ ಬಂದ. ಇನ್ನಾಸಪ್ಪ ಬಿಚ್ಚಿ ನೋಡಿದ. ಆ ಕಂಟ್ರೋಲಿನೊಳಗೆ ಕುದುರೆ ಲಾಳದ ಹಾಗೆ ಒಂದು ಕರೀ ಪಟ್ಟಿ ಇರ್ತದೆ, ಅದರ ಮೇಲೆ ಒಂದು ಕಡ್ಡಿ ಓಡಾಡ್ತದೆ. ಪಟ್ಟಿಯಲ್ಲಿ ಎರಡು ಜಾತಿ. ಒಂದರಲ್ಲಿ ಕರೆಂಟು ಮೊದಲಿಂದ ಕೊನೆತನಕ ಒಂದೇ ಸಮ ಏರೋದು. ಇನ್ನೊಂದರಲ್ಲಿ ಮೊದಲು ಚೂರುಚೂರೇ ಏರಿ, ಕೊನೆಗೆ ಜೋರಾಗಿ ಏರೋದು. ಹೊರಗಿಂದ ನೋಡಿದರೆ ಎರಡೂ ಅವಳಿ ಮಕ್ಕಳು. ಇಂಜಿನಿಯರು ಹಾಕಿದ್ದು ಒಂದೇ ಸಮದ್ದು.

"ತಪ್ಪು ನಿನ್ನ ಕಾಲಿನದಲ್ಲ ಚೌರಣ್ಣ," ಅಂದ ಇನ್ನಾಸಪ್ಪ. "ಸಣ್ಣ ದನಿಯಲ್ಲಿ ಚೂರು ಹೆಚ್ಚಿದರೂ ಕಿವಿಗೆ ಬೆಟ್ಟ. ದೊಡ್ಡ ದನಿಯಲ್ಲಿ ಅಷ್ಟೇ ಹೆಚ್ಚಿದರೆ ಗೊತ್ತೇ ಆಗಲ್ಲ. ಅದಕ್ಕೇ ಈ ಪೆಡಲಿಗೆ ತಡವಾಗಿ ಏರೋದೇ ಬೇಕು."

ಸುದ್ದಿ ಇಂಜಿನಿಯರಿಗೆ ಮುಟ್ಟಿತು. ಮೀಟರು ಹಿಡಿದು ಅಂಗಡಿಗೇ ಬಂದ. ಅರ್ಧ ತಿರುಗಿಸಿ ಮುಳ್ಳು ತೋರಿಸಿದ, ಸರಿಯಾಗಿ ಅರ್ಧಕ್ಕೆ ನಿಂತಿತ್ತು.

"ಇದರಲ್ಲಿ ತಪ್ಪೆಲ್ಲಿದೆ ತೋರಿಸು," ಅಂದ.

"ಮೀಟರಿಗೆ ಸರಿಯಾಗೇ ಇದೆ ಸಾರ್. ಆದರೆ ಹಬ್ಬದ ದಿನ ಕೂತು ಕೇಳೋದು ಮೀಟರಲ್ಲ."

"ನಾನು ಹಾಕಿದ್ದನ್ನ ತೆಗೆದರೆ ಈ ಅಂಗಡಿ ಇರಲ್ಲ. ಜಾಗ ಕಂಪನಿದು, ನೆನಪಿರಲಿ."

"ಜಾಗ ನಿಮ್ಮದೇ ಸಾರ್. ಕಿವಿ ನನ್ನದು," ಅಂದನಂತೆ ಇನ್ನಾಸಪ್ಪ. ಅಂದು, ಅವನೆದುರಿಗೇ ಬೆಸುಗೆ ಬಿಡಿಸಿ ಆ ಹೊಸ ಕಂಟ್ರೋಲನ್ನ ಕಿತ್ತು ಅವನ ಕೈಗಿಟ್ಟ. ಹಬ್ಬ ಮುಗೀಲಿ, ಆಮೇಲೆ ನೋಡ್ಕೋತೀನಿ ಅಂದು ಇಂಜಿನಿಯರು ಹೋದ.

ಬೇಕಾದ ಜಾತಿಯದು ಸ್ಟೋರಿನಲ್ಲಿ ಇರಲಿಲ್ಲ, ಇದ್ದರೂ ಅವನಿಗೆ ಯಾರು ಕೊಡ್ತಾರೆ? ಅಂಗಡಿಯಲ್ಲಿ ಅವನದೇ ಒಂದು ದೊಡ್ಡ ರೇಡಿಯೋ ಇತ್ತು, ಬೀದಿಗೆಲ್ಲ ಅದೊಂದೇ ವಾರ್ತೆ, ಅದೊಂದೇ ಹಾಡು. ಅದರ ಹೊಟ್ಟೆ ಬಗೆದು ಒಳಗಿನ ಕಂಟ್ರೋಲು ತೆಗೆದ. ಅದನ್ನ ತಿರುಗಿಸೋ ಉದ್ದ ದಂಡವನ್ನ ಗರಗಸದಲ್ಲಿ ಕುಯ್ದು, ಹಲ್ಲಿನ ಚಕ್ರ ಕೂರಿಸಿ ಪೆಡಲಿಗೆ ಜೋಡಿಸಿದ. ಆಮೇಲೆ ಮೂರು ದಿನ ಬರೀ ಕಣ್ಣು ಮುಚ್ಚಿಕೊಂಡು ತಿರುಗಿಸಿ ತಿರುಗಿಸಿ ಕೇಳಿದ ಅಂತಾರೆ. ಏಳು ದಿನ ಅನ್ನೋರೂ ಇದ್ದಾರೆ.

ಹಬ್ಬ ಬಂತು. ಸಾಹೇಬರು ಒಳಗೆ, ಜನ ಕಿಟಕಿಯಾಚೆ ನೆಲದ ಮೇಲೆ ಕೂತಿದ್ದರು. ಚೌರಪ್ಪ ತಂತಿ ಮೀಟಿದ, ಏನೂ ಕೇಳಲಿಲ್ಲ. ಕಾಲು ಒತ್ತಿದ, ಆಗಲೂ ಇಲ್ಲ. ಆಮೇಲೆ ದನಿ ಯಾವಾಗ ಶುರುವಾಯ್ತು ಅಂತ ಇವತ್ತಿಗೂ ಹೇಳೋರಿಲ್ಲ. ಶುರುವಾಗಿಬಿಟ್ಟಿತ್ತು, ಅಷ್ಟೇ. ಹೆಸರೆತ್ತಲಿಲ್ಲ, ಮಾತೆತ್ತಲಿಲ್ಲ, ಆದರೂ ಕಿಟಕಿಯಾಚೆ ಇದ್ದ ಹೆಂಗಸರಿಗೆ ಯಾರ ಪಾಡು ಅಂತ ತಿಳೀತು. ಹನ್ನೊಂದು ಮನೆಯವರೂ ಎದ್ದು ನಿಂತರು. ಅವರ ಹಿಂದೆ ಊರೇ ಎದ್ದು ನಿಂತಿತು. ಮ್ಯಾನೇಜರು ನಿಲ್ಲಿಸು ಅಂತ ಕೈ ಬೀಸಿದ. ಚೌರಪ್ಪ ಅವನ ಮುಖ ನೋಡ್ತಾನೇ ಕಾಲನ್ನ ಇನ್ನೊಂದು ಕೂದಲಷ್ಟು ಒತ್ತಿದ. ದನಿ ಇನ್ನೊಂದು ಕೂದಲಷ್ಟೇ ಏರಿತು. ಒಂದು ಗಂಟೆ ನುಡಿಸಿದ ಅಂತಾರೆ ಕೆಲವರು. ಒಂದು ಸೇರು ಅಕ್ಕಿ ಬೇಯೋಷ್ಟು ಹೊತ್ತು ಅಂತಿದ್ದಳು ನಮ್ಮಜ್ಜಿ.

ಮರುದಿನವೇ ಕಂಪನಿ ಅಂಗಡಿಗೆ ಬೀಗ ಹಾಕಿತು. ಇನ್ನಾಸಪ್ಪ ಬೇಡಿಕೊಳ್ಳೋಕೆ ಹೋಗಲಿಲ್ಲ. ಕಂಪನಿಯ ಗಡಿಕಲ್ಲು ದಾಟಿ ಮೂರು ಹೆಜ್ಜೆ ಆಚೆ, ಹುಣಸೆಮರದಡಿ ಮೇಜು ಹಾಕಿ ಕೂತ. ಬಿಸಿಲಲ್ಲೂ ಅಲ್ಲೇ, ಗಾಳೀಲೂ ಅಲ್ಲೇ, ಸಾಯೋತನಕ ಅಲ್ಲೇ. ಕೆಟ್ಟ ರೇಡಿಯೋ ಹೊತ್ತ ಜನ ಗೇಟಿನೆದುರಿಂದಲೇ, ಮ್ಯಾನೇಜರಿಗೆ ಕಾಣೋ ಹಾಗೇ, ನಡೆದು ಹೋಗ್ತಿದ್ದರು.

ಈಗ ಗಣಿಯಲ್ಲಿ ನೀರು ತುಂಬಿದೆ, ಕ್ಲಬ್ಬಿಗೆ ಸೂರಿಲ್ಲ. ಆದರೂ ಆ ಊರಿನ ರಿಪೇರಿಯವರು ಇವತ್ತಿಗೂ ಹೊಸ ಕಂಟ್ರೋಲು ಹಾಕಿದರೆ ಮೊದಲು ಮೀಟರು ಮುಟ್ಟಲ್ಲ. ಕಣ್ಣು ಮುಚ್ಚಿ, ಸೊನ್ನೆಯಿಂದ ಒಂದು ಸುತ್ತು ತಿರುಗಿಸಿ ಕೇಳ್ತಾರೆ. ಅದಕ್ಕೆ ಇನ್ನಾಸಪ್ಪನ ಸುತ್ತು ಅಂತಲೇ ಹೆಸರು. ಆ ಸುತ್ತು ಮುಗಿಯೋತನಕ, ಅಂಗಡಿಗೆ ಬಂದೋರು ಯಾರೇ ಆಗಿರಲಿ, ಅಧಿಕಾರಿಯೇ ಆಗಿರಲಿ, ಬಾಯಿ ಮುಚ್ಚಿ ನಿಂತಿರಬೇಕು.