ಅವಸರದ ಮೇಷ್ಟ್ರು ಇಳಿಸಿದ ಲಿನಕ್ಸ್

ತಿಪ್ಪೇಶಿ ಮೇಷ್ಟ್ರಿಗೆ ಕಾಯುವುದೆಂದರೆ ಆಗಿಬರದು. ಬಸ್ಸು ತಡವಾದರೆ ಮುಂದಿನ ಸ್ಟಾಪಿಗೆ ನಡೆದೇ ಹೊರಡುವ, ಟೀ ಕುದಿಯುವ ಮೊದಲೇ ಸೋಸಿಬಿಡುವ ಆಸಾಮಿ. ಇಂಥವರು ಕಣ್ಣು ಕಾಣದ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು.

ಆ ಶನಿವಾರ ಅವರ ಚಡಪಡಿಕೆಗೆ ಕಾರಣವೂ ಇತ್ತು. ಸೋಮವಾರ ಹುಡುಗಿಯರಿಗೆ ಕೆಲಸದ ಪರೀಕ್ಷೆ, ಅದನ್ನು ಕಂಪ್ಯೂಟರಿನಲ್ಲೇ ಬರೆಯಬೇಕು. ಪರದೆಯ ಮೇಲಿನದನ್ನು ಕಂಪ್ಯೂಟರ್ ಗಟ್ಟಿಯಾಗಿ ಓದಿ ಹೇಳುತ್ತದೆ, ಇವರು ಕೇಳಿಸಿಕೊಂಡು ಟೈಪು ಮಾಡುತ್ತಾರೆ. ಹಾಸ್ಟೆಲಿನ ಹಳೆಯ ಕಂಪ್ಯೂಟರುಗಳೋ, ಒಂದು ಪದ ಹೇಳಿ ಇನ್ನೊಂದು ಹೇಳುವಷ್ಟರಲ್ಲಿ ಕೇಳುವವರಿಗೆ ನಿದ್ದೆ ಬರಬೇಕು. ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಹಗುರವಾದ ಉಚಿತ ಸಾಫ್ಟ್‌ವೇರ್ ಹಾಕಿದರೆ ಅವು ಚುರುಕಾಗುತ್ತವೆಂದು ಮೇಷ್ಟ್ರಿಗೆ ಗೊತ್ತಿತ್ತು. ಆದರೆ ಅದರ ಡೌನ್‌ಲೋಡ್ ಅರ್ಧಕ್ಕೆ ಬಂದು ಬಂದು ಕಡಿದುಹೋಗುತ್ತಿತ್ತು.

ಕೊನೆಗೆ ತಮಗೆ ವಿದ್ಯೆ ಕಲಿಸಿದ ವಾರಿಜಾ ಮೇಡಂಗೆ ಫೋನ್ ಮಾಡಿದರು.

“ಟೊರೆಂಟಲ್ಲಿ ಇಳಿಸ್ಕೋ ತಿಪ್ಪೇಶಿ,” ಎಂದರು ಮೇಡಂ. “ಲಿನಕ್ಸ್ ಮಾಡಿದೋರೇ ಹಂಚ್ಕೊಳ್ಳಿ ಅಂತ ಹೇಳಿದಾರೆ, ಕದ್ದ ಮಾಲಲ್ಲ ಅದು. ಎಲ್ಲೆಲ್ಲಿಯವರೋ ತಮ್ಮ ಹತ್ರ ಇರೋದನ್ನ ಚೂರು ಚೂರಾಗಿ ಕೊಡ್ತಾರೆ. ಲೈನ್ ಕಡಿದ್ರೂ ಬಿಟ್ಟಲ್ಲಿಂದ ಮುಂದಕ್ಕೆ ಹೋಗುತ್ತೆ. ಆದ್ರೆ ಟೊರೆಂಟ್ ಫೈಲನ್ನ ಮಾಡಿದೋರ ಪುಟದಿಂದಾನೇ ತಗೋ. ಇಳಿದ ಮೇಲೆ ಚೆಕ್‌ಸಮ್ ತಾಳೆ ನೋಡು.”

ಚೆಕ್‌ಸಮ್ ಎಂದರೆ ಇಡೀ ಫೈಲನ್ನು ಲೆಕ್ಕ ಹಾಕಿ ತೆಗೆದ ಉದ್ದನೆಯ ಗುರುತು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಆ ಗುರುತು ಬೇರೆಯೇ ಆಗಿಬಿಡುತ್ತದೆ.

ಮೇಡಂ ಹೇಳಿದ ಹಾಗೇ ಮೇಷ್ಟ್ರು ಶುರುಮಾಡಿದರು. ಆದರೆ ಇವರ ದುರದೃಷ್ಟಕ್ಕೆ ಅದು ತೆವಳತೊಡಗಿತು. ಎದ್ದರು, ಕೂತರು, ವರಾಂಡಕ್ಕೆ ಹೋಗಿ ಬಂದರು. ಪರದೆಯ ಮೇಲಿನ ಲೆಕ್ಕ ಇನ್ನೂ ಅಲ್ಲೇ ಇತ್ತು.

“ಇನ್ನೂ ಎಷ್ಟೊತ್ತು ಸರ್?” ಎಂದಳು ಮಾರಕ್ಕ. ಹುಡುಗಿಯರ ಪೈಕಿ ಪರೀಕ್ಷೆಗಾಗಿ ಎಲ್ಲರಿಗಿಂತ ಹೆಚ್ಚು ಒದ್ದಾಡುತ್ತಿದ್ದವಳು ಅವಳೇ.

ಅಷ್ಟು ಸಾಕಾಯಿತು. ಮೇಷ್ಟ್ರು ಹುಡುಕಿ ಇನ್ನೊಂದು ಪುಟ ತೆರೆದರು. ಅದೇ ಲಿನಕ್ಸ್, ಕನ್ನಡ ಧ್ವನಿ ಸಮೇತ, ಬೇಗ ಇಳಿಯುತ್ತದೆ ಎಂದು ಅಲ್ಲಿ ಬರೆದಿತ್ತು. ಹಂಚುವವರ ಗುಂಪಂತೂ ಜಾತ್ರೆಯಷ್ಟಿತ್ತು. ಇಷ್ಟು ಜನ ಹಂಚುತ್ತಿದ್ದಾರೆಂದ ಮೇಲೆ ಕೆಟ್ಟದ್ದಿರಲು ಸಾಧ್ಯವೇ ಎಂದುಕೊಂಡು ಒತ್ತಿಯೇಬಿಟ್ಟರು.

ನೋಡನೋಡುತ್ತಲೇ ಇಳಿಯಿತು. ಎಲ್ಲ ಚೂರೂ ಸರಿಯಾಗಿದೆ ಎಂದು ಟೊರೆಂಟ್ ಸಾಫ್ಟ್‌ವೇರ್ ಹೇಳಿತು. ಮೇಡಂ ಮಾತು ಮೇಷ್ಟ್ರಿಗೆ ಮರೆತಿರಲಿಲ್ಲ, ಅಷ್ಟು ಮೆಚ್ಚಬೇಕು. ಚೆಕ್‌ಸಮ್ ನೋಡಿದರು. ಅದೇ ಪುಟದ ಕೆಳಗೆ ಬರೆದಿದ್ದ ಗುರುತಿಗೆ ಅಕ್ಷರ ಅಕ್ಷರವೂ ತಾಳೆಯಾಯಿತು. ಬೀಗುತ್ತಾ ಮಾರಕ್ಕನ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟರು.

ಕಂಪ್ಯೂಟರ್ ಪಟಪಟನೆ ಕನ್ನಡ ಮಾತಾಡಿತು. ಮಾರಕ್ಕ ಹಿಗ್ಗಿ, ಮೊದಲು ಪರೀಕ್ಷೆಯ ಖಾತೆಯನ್ನೇ ತೆರೆದು ಹಾಲ್ ಟಿಕೆಟ್ ಓದಿಸಿಕೊಂಡಳು.

ಸಂಜೆ ವಾರಿಜಾ ಮೇಡಂ ಕೈಜೋಡಿಸಲೆಂದು ತಾವೇ ಬಂದರು. “ಚೆಕ್‌ಸಮ್ ನೋಡಿದ್ಯಾ?”

“ನೋಡ್ದೆ ಮೇಡಂ. ಒಂದಕ್ಷರಾನೂ ಆಚೀಚೆ ಇಲ್ಲ.”

“ಆ ಗುರುತು ಕೊಟ್ಟೋರು ಯಾರು?”

ಮೇಷ್ಟ್ರು ಪುಟ ತೋರಿಸಿದರು. ಮೇಡಂ ಅದನ್ನು ಕೆಳಗಿನವರೆಗೂ ಓದಿದರು. “ಹಾಲಿಗೆ ನೀರು ಹಾಕಿದೀಯಾ ಅಂತ ಹಾಲು ಮಾರೋನನ್ನೇ ಕೇಳಿ ಬಂದಿದೀಯಲ್ಲೋ.”

“ಟೊರೆಂಟ್ ಸಾಫ್ಟ್‌ವೇರೇ ಎಲ್ಲ ಚೂರೂ ಸರಿ ಐತೆ ಅಂತು ಮೇಡಂ.”

“ಅವರು ಕೊಟ್ಟ ಫೈಲಿನ ಚೂರು ಸರಿ ಅಂತು. ಆ ಫೈಲೇ ಅಸಲಿ ಅಂತ ಯಾರಂದ್ರು?”

ಲಿನಕ್ಸ್ ಮಾಡಿದವರ ಪುಟ ತೆರೆದು ಗುರುತು ಹೋಲಿಸಿದರು. ಮೊದಲ ಅಕ್ಷರವೇ ಬೇರೆ. ಮೇಡಂ ಸರಕ್ಕನೆ ಇಂಟರ್‌ನೆಟ್ ವೈರು ಕಿತ್ತರು. ಮೇಷ್ಟ್ರಿಗೆ ಈಗ ಹೊಳೆಯಿತು. ಕಲಬೆರಕೆ ಮಾಡಿದವರು ಒಳಗೆ ಏನು ಸೇರಿಸಿದ್ದಾರೋ, ಮಾರಕ್ಕ ಒತ್ತಿದ್ದನ್ನೆಲ್ಲ ಯಾರು ಓದುತ್ತಿದ್ದರೋ. ಆ ಖಾತೆಗೆ ಕೈಹಾಕಿ ಯಾರಾದರೂ ಅವಳ ಅರ್ಜಿಯನ್ನೇ ಅಳಿಸಿದರೆ ಪರೀಕ್ಷೆಯೂ ಇಲ್ಲ, ಕೆಲಸವೂ ಇಲ್ಲ.

ಮಾರಕ್ಕನಿಗೆ ಹೇಳದೆ ಗತಿಯಿರಲಿಲ್ಲ, ಹೇಳಿದರು.

“ಪಾಸ್‌ವರ್ಡ್ ಹೊಡಿ ಅಂತು, ಹೊಡೆದೆ ಸರ್,” ಎಂದಳು ಮಾರಕ್ಕ. “ನನಗೆ ಕಾಣಲ್ಲ. ಅದು ಹೇಳಿದ್ದನ್ನ ನಂಬ್ತೀನಿ, ಅಷ್ಟೇ.”

ಮೇಷ್ಟ್ರಿಗೆ ಭೂಮಿಗೆ ಇಳಿದುಹೋಗುವಷ್ಟು ನಾಚಿಕೆಯಾಯಿತು. ಮೇಡಂ ಫೋನಿನಿಂದ ಅವಳ ಪಾಸ್‌ವರ್ಡ್ ಬದಲಾಯಿಸಿದರು. ಅರ್ಜಿ ಇನ್ನೂ ಇತ್ತು. ಆ ಕಂಪ್ಯೂಟರಿನಲ್ಲಿದ್ದದ್ದನ್ನು ಪೂರ್ತಿ ಅಳಿಸಿದರು. ಯಾರಾದರೂ ಏನಾದರೂ ಕದ್ದರೋ ಇಲ್ಲವೋ, ಮೇಷ್ಟ್ರಿಗೆ ಇವತ್ತಿಗೂ ತಿಳಿಯದು.

ತೆವಳುತ್ತಿದ್ದ ಮೊದಲಿನ ಟೊರೆಂಟನ್ನೇ ಮತ್ತೆ ಹಿಡಿದರು. ಭಾನುವಾರ ಮಧ್ಯಾಹ್ನದವರೆಗೂ ಮೇಷ್ಟ್ರು ಕುರ್ಚಿಯಲ್ಲಿ ಮಿಸುಕಾಡಿದರು, ಉಗುರು ಕಚ್ಚಿದರು, ಆದರೆ ಬೇರೆ ಪುಟ ತೆರೆಯಲಿಲ್ಲ. ಇಳಿದ ಮೇಲೆ, ಮತ್ತೆ ಬಂದಿದ್ದ ಮೇಡಂ ಎದುರಿಗೇ, ಮಾಡಿದವರ ಪುಟದ ಗುರುತಿನೊಂದಿಗೆ ತಾಳೆ ನೋಡಿದರು. ಈ ಸಲ ಸರಿಹೋಯಿತು. ತಮಗೆ ಸಿಕ್ಕಿದ್ದು ಬೇರೆಯವರಿಗೂ ಸಿಗಲೆಂದು ಟೊರೆಂಟನ್ನು ನಿಲ್ಲಿಸದೆ ಬಿಟ್ಟರು.

ಕಂಪ್ಯೂಟರ್ ಮಾತಾಡಿತು. ಮಾರಕ್ಕ ಕೀಲಿಮಣೆ ಮುಟ್ಟಲಿಲ್ಲ.

“ಸರ್, ಈಗ ಮಾತಾಡ್ತಿರೋದು ಯಾರು ಅಂತ ವಿಚಾರಿಸಿದ್ರಾ?”

“ವಿಚಾರಿಸಿದೆ ಕಣವ್ವ. ಮಾಡಿದೋರನ್ನೇ ಕೇಳ್ದೆ.”

ಅವಳು ಇನ್ನೂ ಕೈ ಮುಂದೆ ಮಾಡಲಿಲ್ಲ. ತಲೆಯನ್ನು ಮೇಡಂ ನಿಂತಿದ್ದ ಬಾಗಿಲ ಕಡೆ ತಿರುಗಿಸಿದಳು. “ಮೇಡಂ, ನೀವೂ ನೋಡಿದ್ರಾ?”

ಮೇಷ್ಟ್ರ ಮುಖ ಚಿಕ್ಕದಾಯಿತು. ಆದರೆ ಅವಳು ಕೇಳಿದ್ದು ಸರಿಯೆಂದು ಅವರಿಗೂ ಗೊತ್ತಿತ್ತು.

“ನೋಡಿದೀನಿ ಮಾರಕ್ಕ,” ಎಂದರು ಮೇಡಂ. ಆಗ ಅವಳು ಟೈಪು ಮಾಡತೊಡಗಿದಳು.

ನೀತಿ: ಹಲವರ ಕೈ ದಾಟಿ ಬಂದದ್ದೆಲ್ಲ ಕೆಟ್ಟದ್ದಲ್ಲ, ಎಲ್ಲರೂ ಹಂಚುತ್ತಿರುವುದೆಲ್ಲ ಒಳ್ಳೆಯದೂ ಅಲ್ಲ. ಅದು ಅಸಲಿಯೇ ಎಂದು ಕೊಟ್ಟವರನ್ನೇ ಕೇಳಬೇಡಿ, ಮಾಡಿದವರನ್ನು ಕೇಳಿ. ನಿಮ್ಮನ್ನು ನಂಬಿ ಕೂತವರಿದ್ದರಂತೂ ಅವಸರ ಮಾಡುವ ಹಕ್ಕು ನಿಮಗಿಲ್ಲ.