ಏಲಂ ನಿಂತ ಬೆಳಗು

ಕಡಲ ದಡದಲ್ಲಿ ಮೀನು ಮಾರುವ ಹೆಂಗಸರಿಗೆ ಬಿಸಿಲು ತಡೆಯಲು ಒಂದು ತಗಡಿನ ಮಾಡು ಬೇಕು ಎಂದು ಕೇಳಲು ಚಂದಕ್ಕ ಮೊಗವೀರರ ಸಭೆಗೆ ಹೋಗಿದ್ದಳು. ಎರಡು ಮಾತು ಆಡಿದ್ದಳಷ್ಟೆ, ಊರಿನ ಹಿರಿಯರಾದ ಗುರಿಕಾರರು ಕೈ ಎತ್ತಿದರು.

“ಗಂಡಸರು ಸೇರಿದಲ್ಲಿ ಹೆಂಗಸರು ಬಾಯಿ ತೆರೆಯುವ ಕ್ರಮ ನಮ್ಮಲ್ಲಿಲ್ಲ. ಹೋಗಿ ಕೂತ್ಕೋ.”

ಚಂದಕ್ಕ ಕೂತಳು. ಸಭೆ ಮುಗಿದ ಮೇಲೆ ದಾರಿಯುದ್ದಕ್ಕೂ ಮೀನು ಮಾರುವ ಒಬ್ಬೊಬ್ಬಳ ಕಿವಿಯಲ್ಲೂ ಏನೋ ಹೇಳಿದಳು.

ಮರುದಿನ ಬೆಳಿಗ್ಗೆ ಗುರಿಕಾರರದೇ ದೋಣಿ ಬಂಗುಡೆ ಮೀನು ತುಂಬಿಕೊಂಡು ಬಂತು. ದಡದಲ್ಲಿ ರಾಶಿ ಬಿತ್ತು. ಬುಟ್ಟಿ ಹಿಡಿದ ಹೆಂಗಸರು ಸುತ್ತ ನಿಂತರು. ಗುರಿಕಾರರು ತಾವೇ ಏಲಂ ಕೂಗಿದರು. ಒಬ್ಬಳೂ ದರ ಹೇಳಲಿಲ್ಲ. ಇಳಿಸಿ ಕೂಗಿದರು. ಹೆಂಗಸರು ಸೆರಗು ಸರಿಮಾಡಿಕೊಂಡು ಸಮುದ್ರ ನೋಡುತ್ತಿದ್ದರು. ಬಿಸಿಲು ಏರಿತು. ಕಾಗೆಗಳು ಹತ್ತಿರ ಬಂದವು.

“ಚಂದು, ನಿಮಗೆಲ್ಲ ಏನಾಯ್ತು?” ಎಂದರು ಗುರಿಕಾರರು.

ಚಂದಕ್ಕ ದೋಣಿಯಿಂದ ಇಳಿದು ನಿಂತ ಗಂಡಸರನ್ನು ತೋರಿಸಿ, ತನ್ನ ತುಟಿಯ ಮೇಲೆ ಬೆರಳಿಟ್ಟಳು.

ಗುರಿಕಾರರ ಮುಖ ಕೆಂಪಾಯಿತು. ಒಮ್ಮೆ ರಾಶಿಯನ್ನು ನೋಡಿದರು, ಒಮ್ಮೆ ಸೂರ್ಯನನ್ನು ನೋಡಿದರು.

“ಮಾತಾಡು ಮಾರಾಯ್ತಿ. ಯಾರೆದುರು ಬೇಕಾದ್ರೂ ಮಾತಾಡು.”

“ಹಾಗಾದ್ರೆ ನಿನ್ನೆ ಅರ್ಧಕ್ಕೆ ನಿಂತದ್ದನ್ನು ಮೊದಲು ಮುಗಿಸ್ತೇನೆ” ಎಂದು ಚಂದಕ್ಕ ಬುಟ್ಟಿ ಮಗುಚಿ ಅದರ ಮೇಲೆ ಕೂತಳು. ಮಾಡು ಎಲ್ಲಿ ಬೇಕು, ಎಷ್ಟುದ್ದ ಬೇಕು, ನೀರಿನ ನಳ್ಳಿ ಯಾವ ಬದಿಗೆ, ಎಲ್ಲವನ್ನೂ ನಿಧಾನವಾಗಿ ಹೇಳಿದಳು. ಗುರಿಕಾರರು ಕಾಗೆ ಓಡಿಸುತ್ತಲೇ ಪ್ರತಿಯೊಂದಕ್ಕೂ “ಆಯ್ತು, ಆಯ್ತು” ಎಂದರು.

ಅಷ್ಟು ಬೇಗ ಒಮ್ಮತಕ್ಕೆ ಬಂದ ಸಭೆ ಆ ಊರಲ್ಲಿ ಅದೇ ಮೊದಲು.